ಪುತ್ತೂರಿನ ಬಾಲವನ ಮತ್ತು ಹತ್ತು ಮುಖದ ಕಾರಂತರು



ಅಕ್ಟೋಬರ್ 10 ಶಿವರಾಮ ಕಾರಂತರ ಜನ್ಮದಿನ. ಪ್ರತಿ ವರ್ಷ ಆ ದಿನ ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಅವರ ಬಗ್ಗೆ ಮಾತಾಡುವುದು ನಮ್ಮಲ್ಲಿ ರೂಢಿ. ಜನನ 1902, ಊರು ಕೋಟ, ಜ್ಞಾನಪೀಠ 1977, ಮೂಕಜ್ಜಿಯ ಕನಸುಗಳು, ನಿಧನ 1997. ಇಷ್ಟು ಹೇಳಿ ಮುಗಿಸುತ್ತಿದ್ದೆವು. ಒಂದು ವರ್ಷ ಏಳನೆಯ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು, "ಸರ್, ಅವರು ಏನ್ ನೌಕರಿ ಮಾಡ್ತಿದ್ರು?" ಎಂದು ಕೇಳಿದ. ನಾವು ಮಾಸ್ತರರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನೌಕರಿ? ಏನೂ ಮಾಡುತ್ತಿರಲಿಲ್ಲ. ಹಾಗಾದರೆ ಏನು ಮಾಡುತ್ತಿದ್ದರು? ಉತ್ತರ ಹೇಳಲು ಹೊರಟರೆ ಐದು ನಿಮಿಷ ಸಾಲದು. ಆ ಹುಡುಗನಿಗೆ ಅಂದು ಸರಿಯಾಗಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾರಂತರು ಹುಟ್ಟಿದ ದಕ್ಷಿಣ ಕನ್ನಡ ಆಗ ಕರ್ನಾಟಕದಲ್ಲಿ ಇರಲಿಲ್ಲ. ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ ಅನ್ನಿ. ಕೋಟ, ಉಡುಪಿ, ಮಂಗಳೂರು, ಪುತ್ತೂರು, ಕಾಸರಗೋಡು ಎಲ್ಲವೂ ಮದರಾಸು ಪ್ರಾಂತದ ಒಂದೇ ಜಿಲ್ಲೆ. ನಮ್ಮ ಶಿರೋಳ, ಕುರುಂದವಾಡ ಭಾಗ 1940ರ ದಶಕದ ಕೊನೆಯವರೆಗೆ ಸಂಸ್ಥಾನಗಳ ಆಡಳಿತದಲ್ಲಿತ್ತು, ಆಮೇಲೆ ಮುಂಬಯಿ ರಾಜ್ಯ, 1960ರಿಂದ ಮಹಾರಾಷ್ಟ್ರ. ಅಂದರೆ ಕಾರಂತರು ತಮ್ಮ ಬದುಕಿನ ಮೊದಲ 54 ವರ್ಷ ನಮ್ಮ ಹಾಗೆಯೇ ಬೇರೆ ಭಾಷೆಯವರೇ ಹೆಚ್ಚಿದ್ದ ಪ್ರಾಂತದಲ್ಲಿ ಕುಳಿತು ಕನ್ನಡ ಬರೆದವರು. 1956ರಲ್ಲಿ ಪುತ್ತೂರು ಆಚೆಗೆ ಹೋಯಿತು, ಕಾಸರಗೋಡು ಕೇರಳಕ್ಕೆ ಸೇರಿತು. ಗೆರೆ ಎಲ್ಲಿ ಬೀಳುತ್ತದೆ ಎಂಬುದು ಬರೆಯುವವನ ಕೈಯಲ್ಲಿ ಇರುವುದಿಲ್ಲ. ಇದನ್ನು ಗಡಿಯ ಈಚೆ ಇರುವ ನಮ್ಮ ಮಕ್ಕಳಿಗೆ ಮೊದಲು ಹೇಳಬೇಕು ಅನಿಸುತ್ತದೆ.

ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಹುಡುಗ ಮಂಗಳೂರಿನ ಕಾಲೇಜು ಬಿಟ್ಟ. ಖಾದಿ ಪ್ರಚಾರಕ್ಕೆಂದು ಊರೂರು ತಿರುಗಿದ. ವಿಧವಾ ವಿವಾಹ, ವೇಶ್ಯೆಯರ ಬದುಕು ಸುಧಾರಿಸುವ ಕೆಲಸ ಎಂದು ಓಡಾಡಿದ. 'ವಸಂತ' ಎಂಬ ಮಾಸಿಕ ನಡೆಸಿದ. ನಾಟಕ ಬರೆದು ತಾನೇ ಆಡಿಸಿದ. ಡಿಗ್ರಿ ಮಾತ್ರ ಮುಗಿಸಲಿಲ್ಲ. ಮುಂದೆ ವಿಶ್ವವಿದ್ಯಾಲಯಗಳೇ ಕರೆದು ಗೌರವ ಡಾಕ್ಟರೇಟು ಕೊಟ್ಟವು, ಆ ಮಾತು ಬೇರೆ.

ಪುತ್ತೂರು ಮಂಗಳೂರಿನಿಂದ ಐವತ್ತು ಕಿಲೋಮೀಟರು ಒಳಗೆ ಇರುವ ಊರು. ಅಡಿಕೆ ತೋಟ, ಗುಡ್ಡ, ಆರು ತಿಂಗಳು ಬಿಡದೆ ಮಳೆ. ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರು ಅಲ್ಲಿದ್ದರು. ಅವರ ಬೆಂಬಲದಿಂದ ಕಾರಂತರು ಪುತ್ತೂರಿಗೆ ಬಂದು ನೆಲೆಸಿದರು, ಸುಮಾರು ನಾಲ್ಕು ದಶಕ ಅಲ್ಲೇ ಇದ್ದರು. ಪರ್ಲಡ್ಕದ ಅವರ ಜಾಗಕ್ಕೆ 'ಬಾಲವನ' ಎಂದು ಹೆಸರು. ಕೇಳಿದರೆ ಶಿಶುವಿಹಾರದ ಹೆಸರಿನಂತಿದೆ ಅಲ್ಲವೆ? ನಿಜಕ್ಕೂ ಅದು ಮಕ್ಕಳ ಶಾಲೆಯ ಕನಸೇ. ಬೆತ್ತವಿಲ್ಲದೆ, ಬಾಯಿಪಾಠವಿಲ್ಲದೆ, ಆಟ, ಕುಣಿತ, ಚಿತ್ರ, ನಾಟಕಗಳ ಮೂಲಕ ಮಕ್ಕಳು ಕಲಿಯಬೇಕು ಎಂದು ಅವರು ಪ್ರಯೋಗಕ್ಕೆ ಇಳಿದರು. ಆ ಕಾಲಕ್ಕೆ ಬಂಗಾಳದ ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು ಅದೇ ದಾರಿಯಲ್ಲಿ ಬಹಳ ದೂರ ನಡೆದಿದ್ದರು. ಆದರೆ ಠಾಕೂರರಿಗೆ ಜಮೀನ್ದಾರಿ ಮನೆತನದ ಬೆನ್ನುಬಲವಿತ್ತು, ನೊಬೆಲ್ ಹಣವಿತ್ತು. ಕಾರಂತರ ಬಳಿ ಇದ್ದದ್ದು ಹಟ. ಶಾಲೆಯಾಗಿ ಬಾಲವನ ಬಹುಕಾಲ ನಡೆಯಲಿಲ್ಲ.

ನಾವು ಮಾಸ್ತರರು ಇಲ್ಲಿ ಸ್ವಲ್ಪ ನಿಲ್ಲಬೇಕು. ಶಾಲೆ ನಿಂತಿತು, ಆದರೆ ಮಕ್ಕಳಿಗೆ ಬೇಕಾದ ಪುಸ್ತಕ ನಿಲ್ಲಲಿಲ್ಲ. 1936ರಲ್ಲಿ 'ಬಾಲಪ್ರಪಂಚ' ಬಂತು, ಮೂರು ಸಂಪುಟ. ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ವಿಶ್ವಕೋಶ, ಚಿತ್ರಗಳ ಸಮೇತ. 1959ರಿಂದ 1964ರವರೆಗೆ 'ವಿಜ್ಞಾನ ಪ್ರಪಂಚ', ನಾಲ್ಕು ಸಂಪುಟ. ನಡುವೆ 'ಸಿರಿಗನ್ನಡ ಅರ್ಥಕೋಶ'. ವಿಶ್ವಕೋಶ ಎಂದರೆ ಸಂಪಾದಕ ಮಂಡಳಿ, ಉಪಸಂಪಾದಕರು, ಆಯಾ ವಿಷಯದ ಪಂಡಿತರು, ಸರಕಾರದ ಅನುದಾನ ಎಂದು ನಾವು ತಿಳಿದುಕೊಂಡಿದ್ದೇವೆ. ಇಲ್ಲಿ ಒಬ್ಬನೇ ಮನುಷ್ಯ, ವಿಜ್ಞಾನದ ಡಿಗ್ರಿ ಇಲ್ಲದವನು, ತಾಲೂಕು ಊರಲ್ಲಿ ಕುಳಿತು, ತಾನು ಮೊದಲು ಓದಿ ತಿಳಿದುಕೊಂಡು, ಆಮೇಲೆ ಹಳ್ಳಿಯ ಮಗುವಿಗೆ ತಿಳಿಯುವ ಕನ್ನಡದಲ್ಲಿ ಬರೆದಿದ್ದಾನೆ.

ಈ ಕೆಲಸದ ತೂಕ ನಮಗೆ ಬೇರೆಯವರಿಗಿಂತ ಹೆಚ್ಚು ಗೊತ್ತಾಗಬೇಕು. ಬಾಲಭಾರತಿಯವರ ಕನ್ನಡ ಮಾಧ್ಯಮದ ಪಠ್ಯಪುಸ್ತಕ ಹಿಡಿದು ವಿಜ್ಞಾನ ಕಲಿಸುವಾಗ, ಪುಸ್ತಕದ ಶಬ್ದ ಒಂದು, ಮಗು ಮನೆಯಲ್ಲಿ ಆಡುವುದು ಇನ್ನೊಂದು, ಪೇಟೆಯಲ್ಲಿ ಕೇಳುವ ಮರಾಠಿ ಮತ್ತೊಂದು. ನಮ್ಮ ಕಪಾಟಿನಲ್ಲಿ ಬಹಳ ದಿನ ಬಾಲಪ್ರಪಂಚದ ಒಂದೇ ಒಂದು ಸಂಪುಟವಿತ್ತು, ರಟ್ಟು ಹರಿದು, ಅಂಚು ಗೆದ್ದಲು ತಿಂದು. ಒಂದು ಮಹಾಪೂರದ ವರ್ಷ ಕೃಷ್ಣೆ ಇಳಿದ ಮೇಲೆ ನೋಡಿದರೆ ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಬಿಸಿಲಿಗಿಟ್ಟು ಎಷ್ಟು ಬಿಡಿಸಿದರೂ ಅರ್ಧಕ್ಕಿಂತ ಹೆಚ್ಚು ಉಳಿಯಲಿಲ್ಲ. ಅದನ್ನು ಮೇಲಿನ ಹಲಗೆಯಲ್ಲಿ ಇಡಬೇಕಾಗಿತ್ತು. ತಪ್ಪು ನಮ್ಮದೇ.

ಇರಲಿ. ಬಾಲವನದಲ್ಲಿ ಬರೆಯುವ ಮನೆ ಒಂದಾದರೆ ಕುಣಿಯುವ ಮನೆ ಇನ್ನೊಂದು, ನಾಟ್ಯಶಾಲೆ. ಜೊತೆಗೆ ಅಚ್ಚುಕೂಟ. ಹಿರಿಯ ಮಗನ ಹೆಸರು ಹರ್ಷ, ಅವರ ಮುದ್ರಣಾಲಯ, ಪ್ರಕಟಣಾಲಯಗಳಿಗೂ ಅದೇ ಹೆಸರು. ಬರೆದವರೇ ಅಚ್ಚು ಹಾಕಿಸುವವರು, ಮಾರುವವರೂ ಅವರೇ. ಕ್ಯಾಮರಾ ಹಿಡಿದು ಫೋಟೋ ತೆಗೆಯುವ ಹುಚ್ಚೂ ಇತ್ತು. ಮೂಕಿ ಚಿತ್ರಗಳ ಕಾಲದಲ್ಲೇ 'ಡೊಮಿಂಗೊ' ಮತ್ತು 'ಭೂತರಾಜ್ಯ' ಎಂಬ ಸಿನಿಮಾ ಮಾಡಿ ನೋಡಿದರು. ಹೆಸರಾಗಲಿಲ್ಲ.

ಸಿನಿಮಾ ಎಂದಾಗ ನಮ್ಮ ಜಿಲ್ಲೆಯವರಿಗೆ ಬಾಬುರಾವ್ ಪೇಂಟರ್ ನೆನಪಾಗದೆ ಇರುವುದಿಲ್ಲ. ಕೊಲ್ಹಾಪುರದ ಬಾಬುರಾಯರೂ (1890–1954) ಇದೇ ಜಾತಿಯ ಮನುಷ್ಯ. ನಾಟಕದ ಪರದೆ ಬರೆಯುತ್ತಿದ್ದರು, ಮೂರ್ತಿ ಕೆತ್ತುತ್ತಿದ್ದರು, ಸಿನಿಮಾ ಕ್ಯಾಮರಾ ಸಿಗದಿದ್ದಾಗ ತಾವೇ ಒಂದನ್ನು ಜೋಡಿಸಿಕೊಂಡರು, 1920ರಲ್ಲಿ 'ಸೈರಂಧ್ರಿ' ತೆಗೆದರು. ಒಬ್ಬ ಮನುಷ್ಯ ಒಂದೇ ಕೆಲಸ ಮಾಡಬೇಕು ಎಂಬ ಮಾತು ಈಚಿನದು. ನಮ್ಮ ಊರ ಬಡಿಗೇರನನ್ನು ನೋಡಿರಿ, ಕುಂಟೆ ಮಾಡುತ್ತಾನೆ, ತೇರು ಕಟ್ಟುತ್ತಾನೆ, ರಾತ್ರಿ ಭಜನೆಯಲ್ಲಿ ತಾಳ ಹಾಕುತ್ತಾನೆ.

ಆದರೂ ಬಾಬುರಾಯರಿಗೆ ಕೊಲ್ಹಾಪುರವೆಂಬ ರಾಜಧಾನಿ ಇತ್ತು, ಅರಮನೆ ಇತ್ತು, ನೋಡುವ ಜನ ಇದ್ದರು. ಪುತ್ತೂರಲ್ಲಿ ನೋಡುವ ಜನರನ್ನೂ ಕಾರಂತರೇ ತಯಾರು ಮಾಡಬೇಕಾಯಿತು. ಅದಕ್ಕೆ 1930ರ ದಶಕದಲ್ಲಿ ಅಲ್ಲಿ ದಸರಾ ನಾಡಹಬ್ಬ ನಡೆಸಿದರು. ನಾಡಿನ ಕವಿಗಳು, ಗಾಯಕರು ಆ ಸಣ್ಣ ಊರಿಗೆ ಬಂದರು. ಅಡಿಕೆ ಮಾರಲು ಬಂದವರು ನಿಂತು ಭಾಷಣ ಕೇಳಿದರು.

ಈಗ ನಮಗೆ ಬಹಳ ಪ್ರಿಯವಾದ ಸಂಗತಿಗೆ ಬರುತ್ತೇವೆ. 1936ರ ಮೇ ತಿಂಗಳಲ್ಲಿ ಕಾರಂತರು ಲೀಲಾ ಆಳ್ವ ಅವರನ್ನು ಮದುವೆಯಾದರು. ಇವರು ಬ್ರಾಹ್ಮಣರು, ಅವರು ಬಂಟರು. ಊರಲ್ಲಿ ಆಡಿಕೊಂಡವರಿಗೆ ಕಡಿಮೆ ಇರಲಿಲ್ಲ. ಕಾರಂತರು ನೃತ್ಯ, ನಾಟಕ ಕಲಿಸಲು ಹೋಗುತ್ತಿದ್ದ ಶಾಲೆಯ ವಿದ್ಯಾರ್ಥಿನಿ ಆಕೆ. ಮುಂದೆ ಕಾರಂತರ ಗೀತನಾಟಕಗಳಲ್ಲಿ ಕುಣಿದವರು. ಇಷ್ಟು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಲೀಲಾ ಅವರ ಶಾಲೆ ನಡೆದದ್ದು ಮರಾಠಿ ಮಾಧ್ಯಮದಲ್ಲಿ! ಆಮೇಲೆ ಅವರು ಕನ್ನಡವನ್ನು ಹೊಸದಾಗಿ ಕಲಿತರು. ಕಲಿತು ಸುಮ್ಮನಿರಲಿಲ್ಲ. ಹರಿ ನಾರಾಯಣ ಆಪ್ಟೆಯವರ 'ಪಣ ಲಕ್ಷಾತ ಕೋಣ ಘೇತೋ' ಕಾದಂಬರಿಯನ್ನು ಕನ್ನಡಕ್ಕೆ ತಂದರು.

ಮರಾಠಿ ಓದುವ ನಮ್ಮ ಓದುಗರಿಗೆ ಆ ಕಾದಂಬರಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. 1890ರ ದಶಕದ ಕೃತಿ. ಯಮು ಎಂಬ ಹೆಣ್ಣು ತನ್ನ ಕತೆಯನ್ನು ತಾನೇ ಹೇಳುತ್ತ ಹೋಗುತ್ತಾಳೆ. ಓದು ಬರಹ ಕಲಿಸಿದ ಗಂಡ ತೀರಿಕೊಂಡ ಮೇಲೆ ಮನೆಯವರು ಅವಳ ತಲೆ ಬೋಳಿಸುತ್ತಾರೆ. ಅತ್ತ ಕಾರಂತರು ವಯಸ್ಸಿನಲ್ಲಿ ವಿಧವೆಯರ ಮದುವೆಗಾಗಿ ಓಡಾಡಿದವರು, ಮುಂದೆ 1968ರಲ್ಲಿ ಅವರು ಬರೆದ ಮೂಕಜ್ಜಿಯೂ ಬಾಲವಿಧವೆಯೇ. ಒಂದೇ ಮನೆಯಲ್ಲಿ ಪುಣೆಯ ಯಮು, ಮೂಡೂರಿನ ಮೂಕಜ್ಜಿ ಇಬ್ಬರೂ ಕನ್ನಡ ಮಾತಾಡಿದ್ದಾರೆ. ಮರಾಠಿಯಿಂದ ಮೂಕಜ್ಜಿ ಬಂದಳು ಎಂದು ನಾವು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಆದರೆ ಮನೆಯ ಊಟದ ಪಂಕ್ತಿಯಲ್ಲಿ ಆ ಮಾತು ಬಂದಿರದೆ ಇರುತ್ತದೆಯೆ?

ನಮ್ಮ ಪಾಲಕರು ಆಗಾಗ ಕೇಳುತ್ತಾರೆ, "ಗುರುಗಳ, ಕನ್ನಡ ಸಾಲ್ಯಾಗ ಕಲ್ತ್ರ ಮರಾಠಿ ಕಚ್ಚಾ ಆಗೂದಿಲ್ಲೇನ್ರಿ?" ಲೀಲಾ ಅವರ ಉದಾಹರಣೆ ಅದಕ್ಕೆ ತಿರುವುಮುರುವು. ಮರಾಠಿ ಶಾಲೆಯ ಹುಡುಗಿ ಕನ್ನಡದ ಅನುವಾದಕಿಯಾದಳು. ಎರಡು ಭಾಷೆ ಒಂದಕ್ಕೊಂದು ಸವತಿಯರಲ್ಲ ಎಂದು ಹೇಳಲು ನಮಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ.

ಕಾದಂಬರಿಗಳ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ನಲವತ್ತಕ್ಕೂ ಹೆಚ್ಚು ಇವೆ. 'ಚೋಮನ ದುಡಿ' (1933) ಓದದವರು ಓದಿರಿ. ಸ್ವಂತ ಹೊಲ ಉಳಬೇಕೆಂಬ ದಲಿತ ಕೂಲಿಯ ಆಸೆ, ಎರಡು ಎತ್ತು, ಒಂದು ದುಡಿ. ಮಗ ನೀಲ ನೀರಲ್ಲಿ ಮುಳುಗುವಾಗ ಜಾತಿಯ ಕಾರಣಕ್ಕೆ ಯಾರೂ ಕೈ ಹಿಡಿಯದ ಆ ಪುಟವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು ಸುಲಭವಲ್ಲ, ನಮ್ಮಿಂದ ಒಮ್ಮೆಯೂ ಪೂರ್ತಿ ಆಗಿಲ್ಲ. 'ಬೆಟ್ಟದ ಜೀವ' ಪುತ್ತೂರಿನ ಆಚೆಯ ಕಾಡು ಬೆಟ್ಟಗಳಲ್ಲಿ ತಿರುಗಿದವನೇ ಬರೆಯಬಲ್ಲ ಪುಸ್ತಕ. 'ಮರಳಿ ಮಣ್ಣಿಗೆ'ಯಲ್ಲಿ ಪಿಟೀಲು ನುಡಿಸುವ ರಾಮ ಪಟ್ಟಣ ಬಿಟ್ಟು ಕಡಲ ತೀರದ ತನ್ನ ಊರಿಗೆ ಮರಳುತ್ತಾನೆ. ಬರೆದವರು ಆಗಲೇ ಹಳ್ಳಿಗಾಡಲ್ಲಿ ಇದ್ದರು ಎಂಬುದನ್ನು ಮರೆಯಬಾರದು.

ಇನ್ನು ಯಕ್ಷಗಾನ. ಇಲ್ಲಿ ಜಗಳವಿದೆ. ಕಾರಂತರು ಮೇಳಗಳ ಬೆನ್ನು ಹತ್ತಿ, ಹಳೆಯ ಪ್ರಸಂಗಗಳನ್ನು ಹುಡುಕಿ, ವೇಷ, ಬಣ್ಣ, ಕುಣಿತ, ರಾಗ ಎಲ್ಲವನ್ನೂ ಅಭ್ಯಾಸ ಮಾಡಿ 1957ರಲ್ಲಿ 'ಯಕ್ಷಗಾನ ಬಯಲಾಟ' ಬರೆದರು. 1959ರಲ್ಲಿ ಅದಕ್ಕೆ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಕಾದಂಬರಿಗೆ ಅಲ್ಲ, ಬಯಲಾಟದ ಪುಸ್ತಕಕ್ಕೆ! ಆಮೇಲೆ ತಾವೇ ರಂಗಕ್ಕಿಳಿದರು. ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಮೂರು ತಾಸಿಗೆ ಇಳಿಸಿದರು. ಮಾತುಗಾರಿಕೆ ತೆಗೆದು ಹಾಡು, ಕುಣಿತ ಮಾತ್ರ ಉಳಿಸಿ ನೃತ್ಯನಾಟಕ ಮಾಡಿದರು. ಪಿಟೀಲು ಸೇರಿಸಿದರು, ಸ್ಯಾಕ್ಸೋಫೋನ್ ಕೂಡ ಸೇರಿಸಿದರು. ಕನ್ನಡ ತಿಳಿಯದ ಪರದೇಶದ ಜನರೂ ಕೂತು ನೋಡಿದರು. ಸಂಪ್ರದಾಯದವರು ಸಿಟ್ಟಾದರು. ಅರ್ಥಗಾರಿಕೆ ಇಲ್ಲದ ಯಕ್ಷಗಾನ ಯಕ್ಷಗಾನವೇ ಅಲ್ಲ ಎಂದರು.

ನಮ್ಮ ಅಭಿಪ್ರಾಯ ಕೇಳಿದರೆ ಎರಡೂ ಕಡೆ ನಿಲ್ಲುತ್ತೇವೆ. ನಮ್ಮ ಭಾಗದ ಶ್ರೀಕೃಷ್ಣ ಪಾರಿಜಾತದಿಂದ ಮಾತು ತೆಗೆದು ನೋಡಿರಿ. ಕೊರವಂಜಿಯ ಬಾಯಿ ಕಟ್ಟಿದರೆ ಜನ ಎದ್ದು ಹೋಗುತ್ತಾರೆ. ಆ ಮಟ್ಟಿಗೆ ಸಿಟ್ಟಾದವರ ಮಾತು ಸರಿ. ಆದರೆ ಮೇಳವೆಂದರೆ ಬೆಳಗಿನವರೆಗೆ ಕಿರುಚಾಟ ಎಂದು ಓದಿದವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಆ ಕಿರೀಟದ ಗೆರೆ, ಆ ಹೆಜ್ಜೆಯ ಲೆಕ್ಕ ಜಗತ್ತಿನ ಯಾವ ನೃತ್ಯಕ್ಕೂ ಕಡಿಮೆಯಲ್ಲ ಎಂದು ತೋರಿಸಿದವರು ಕಾರಂತರು. ತೋರಿಸಲು ಕತ್ತರಿ ಹಾಕಬೇಕಾಯಿತು. ಎಂಬತ್ತು ದಾಟಿದ ಮೇಲೂ ಬಿಳಿ ಪಂಚೆ ಎತ್ತಿ ಕಟ್ಟಿ ತಾವೇ ಹೆಜ್ಜೆ ಹಾಕಿ ಕಲಿಸುತ್ತಿದ್ದರು.

ಹಟದ ಮನುಷ್ಯ ಎಂದೆವಲ್ಲ. 1968ರಲ್ಲಿ ಪದ್ಮಭೂಷಣ ಬಂದಿತ್ತು. ತುರ್ತುಪರಿಸ್ಥಿತಿ ಬಂದಾಗ ಅದನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರ ಬೇಡವೆಂದು ಹೋರಾಡಿದರು, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತು ಸೋತರು. ಆಗ ವಯಸ್ಸು ಎಂಬತ್ತೇಳು. ಶಾಲೆ ನಿಂತಿತು, ಮೊದಲ ಸಿನಿಮಾಗಳು ಹೆಸರಾಗಲಿಲ್ಲ, ಚುನಾವಣೆ ಸೋತರು. ಆದರೂ 1978ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ, ತಮ್ಮ 'ಕುಡಿಯರ ಕೂಸು' ಕಾದಂಬರಿಯನ್ನು 'ಮಲೆಯ ಮಕ್ಕಳು' ಎಂದು ಸಿನಿಮಾ ಮಾಡಲು ಮತ್ತೆ ಕ್ಯಾಮರಾ ಹಿಂದೆ ನಿಂತರು. 1948ರಲ್ಲೇ ತಮ್ಮ ಆತ್ಮಕತೆಗೆ ಅವರು ಇಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಬೇರೆಯವರು ಹುಚ್ಚ ಎನ್ನುವ ಮೊದಲೇ ತಾವೇ ಅಂದುಕೊಂಡುಬಿಟ್ಟರು.

ಹಿರಿಯ ಮಗ ಹರ್ಷ ಅವರ ಕಣ್ಣೆದುರೇ ತೀರಿಕೊಂಡರು. 1970ರ ದಶಕದಲ್ಲಿ ಬಾಲವನ ಬಿಟ್ಟು ಹುಟ್ಟೂರಿನ ಪಕ್ಕದ ಸಾಲಿಗ್ರಾಮಕ್ಕೆ ಹೋದರು. 1986ರಲ್ಲಿ ಲೀಲಾ ಅವರೂ ಹೋದರು. ಕಾರಂತರು ಬರೆಯುವುದನ್ನು ಬಿಡಲಿಲ್ಲ, 1997ರ ಡಿಸೆಂಬರ್ 9ರಂದು ತೀರಿಕೊಳ್ಳುವಾಗ ವಯಸ್ಸು 95.

ಬಾಲವನ ಈಗ ಸರಕಾರದ ಸುಪರ್ದಿಯಲ್ಲಿದೆ. ಅವರಿದ್ದ ಮನೆ, ನಾಟ್ಯಶಾಲೆ ನೋಡಬಹುದು, ಗ್ರಂಥಾಲಯವಿದೆ, ಮಕ್ಕಳು ಈಜುವ ಕೊಳವೂ ಇದೆ. ಶಾಲೆಯ ಸಹಲ್ ಎಂದರೆ ಪನ್ಹಾಳ, ಜ್ಯೋತಿಬಾ, ಖಿದ್ರಾಪುರ ಎಂದೇ ನಮ್ಮ ಲೆಕ್ಕ. ಒಮ್ಮೆ ಪುತ್ತೂರಿನ ಕಡೆಗೆ ಎಸ್‌ಟಿ ಹೊರಡಿಸಬೇಕು ಎಂದು ಪಾಲಕರ ಸಭೆಯಲ್ಲಿ ವಿಷಯ ಇಟ್ಟಿದ್ದೇವೆ. ದೂರವಾಯಿತು, ಖರ್ಚಾಯಿತು ಎಂಬ ಮಾತು ಬಂದಿದೆ. ನೌಕರಿ ಏನೆಂದು ಕೇಳಿದ ಆ ಹುಡುಗನ ತಾಯಿ ಮಾತ್ರ ಮೊದಲ ನೂರು ರೂಪಾಯಿ ಮೇಜಿನ ಮೇಲಿಟ್ಟು ಹೋಗಿದ್ದಾರೆ.