ಜೋಗದ ನೀರು, ಜೂಲನ ಲೆಕ್ಕ

ಕಾರ್ಗಲ್ ಸಮೀಪದ ಜೋಗದಲ್ಲಿ ಶರಾವತಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. ಇದರಿಂದ ನೀರು ಎಷ್ಟು ಬಿಸಿಯಾದೀತು, ಯೋಚಿಸಿದ್ದೀರಾ? ಇಂಗ್ಲೆಂಡಿನ ಜೇಮ್ಸ್ ಜೂಲ್ 1845ರಲ್ಲಿ ನಯಾಗರ ಜಲಪಾತಕ್ಕೆ ಇದೇ ಲೆಕ್ಕ ಹಾಕಿದ್ದ: 160 ಅಡಿ ಬಿದ್ದ ನೀರಿನ ತಾಪ ಏರುವುದು ಫ್ಯಾರನ್‌ಹೀಟ್ ಡಿಗ್ರಿಯ ಐದನೇ ಒಂದು ಭಾಗ ಮಾತ್ರ.

ಈಗ ಜೋಗಕ್ಕೆ ನೀವೇ ಲೆಕ್ಕ ಹಾಕಿ. ಒಂದು ಕಿಲೋಗ್ರಾಂ ನೀರಿಗೆ ಸುಮಾರು 2480 ಜೂಲ್ ಶಕ್ತಿ. ಅದೆಲ್ಲ ಉಷ್ಣವಾಗಿ ನೀರಿನಲ್ಲೇ ಉಳಿಯಿತೆನ್ನಿ. ವಿಶಿಷ್ಟೋಷ್ಣ 4.2ರಿಂದ ಭಾಗಿಸಿದರೆ 590 ಡಿಗ್ರಿ! ಜೋಗದ ಬುಡದಲ್ಲಿ ಬರೀ ಹಬೆಯೇ ಇರಬೇಕಿತ್ತು. ತಪ್ಪೆಲ್ಲಿ? ಆ 4.2 ಇರುವುದು ಕಿಲೋಜೂಲ್‌ಗಳಲ್ಲಿ. ಸರಿಯಾದ ಉತ್ತರ 0.59 ಡಿಗ್ರಿ ಸೆಲ್ಸಿಯಸ್.

ಗಿಬ್ಸ್ ಶಕ್ತಿಯ ಲೆಕ್ಕದಲ್ಲಿ ವಿದ್ಯಾರ್ಥಿಗಳು ಎಡವುವುದೂ ಇಲ್ಲೇ. ಎಂಥಾಲ್ಪಿ ಕಿಲೋಜೂಲ್‌ನಲ್ಲಿ, ಎಂಟ್ರೋಪಿ ಜೂಲ್‌ನಲ್ಲಿ ಕೊಟ್ಟಿರುತ್ತಾರೆ. ಬೆರೆಸಿದರೆ ಸ್ವಯಂಪ್ರೇರಿತ ಕ್ರಿಯೆಯೂ ಅಸಾಧ್ಯವೆಂದು ಕಂಡೀತು. ಅಲ್ಲಿ ಎಚ್ಚರಿಸಲು ಜಲಪಾತವಿಲ್ಲ. ಆದ್ದರಿಂದ ಪ್ರತಿ ಸಾಲಿನಲ್ಲೂ ಏಕಮಾನ ಬರೆಯಿರಿ.