ಬಾಗಿಲು ತೆರೆದಾಗ ತೆತ್ತ ಬೆಲೆ



ಮುಚ್ಚಿದ ಬಾಗಿಲೊಂದು ತೆರೆದ ದಿನವನ್ನು ಚರಿತ್ರೆ ಮರೆಯುವುದಿಲ್ಲ. ಆದರೆ ಅದು ಮುಚ್ಚಿದ್ದಾಗ ಹೊರಗೆ ನಿಂತವರಿಗೆ ನೆರಳಾದವರನ್ನು ನೆನೆಯುತ್ತದೆಯೇ? ಎಫಾ ಮ್ಯಾನ್ಲಿ ಎಂಬ ಅಮೆರಿಕದ ಮಹಿಳೆಯ ಬದುಕು ನಮ್ಮ ಮುಂದಿಡುವ ಪ್ರಶ್ನೆಯಿದು.

ನಮಗೆ ಕ್ರಿಕೆಟ್ ಹೇಗೋ ಅಮೆರಿಕನ್ನರಿಗೆ ಬೇಸ್‌ಬಾಲ್ ಹಾಗೆ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1947ರವರೆಗೆ ಅದರ ಪ್ರಮುಖ ಲೀಗ್‌ಗಳಲ್ಲಿ ಕಪ್ಪು ಜನಾಂಗದವರಿಗೆ ಪ್ರವೇಶವಿರಲಿಲ್ಲ. ಅವರು ‘ನೀಗ್ರೋ ಲೀಗ್’ ಎಂಬ ತಮ್ಮದೇ ಅಂಗಳವನ್ನು ಕಟ್ಟಿಕೊಂಡರು. ಎಫಾ ಅವರ ಪತಿ ಏಬ್ ಮ್ಯಾನ್ಲಿ 1935ರಲ್ಲಿ ಸ್ಥಾಪಿಸಿದ ತಂಡವು ಮರುವರ್ಷ ನ್ಯೂಜೆರ್ಸಿಯ ನೆವಾರ್ಕ್ ನಗರದಲ್ಲಿ ನೆಲೆಯೂರಿ ‘ನೆವಾರ್ಕ್ ಈಗಲ್ಸ್’ ಎನಿಸಿತು. ಪತಿ ಆಟಗಾರರನ್ನು ಅರಸಿ ತರುತ್ತಿದ್ದರು. ತಂಡದ ಒಡೆತನದಲ್ಲಿ ಪಾಲುದಾರರಾಗಿದ್ದ ಎಫಾ ಲೆಕ್ಕಪತ್ರ, ಒಪ್ಪಂದ, ಪ್ರಚಾರಗಳ ಹೊಣೆ ಹೊತ್ತರು.

ಅನ್ಯಾಯವನ್ನು ಸಹಿಸುವ ಜೀವವಲ್ಲ ಅದು. ಕಪ್ಪು ಗ್ರಾಹಕರ ಹಣ ಪಡೆದು ಕಪ್ಪು ಯುವತಿಯರಿಗೆ ಮಾರಾಟಗಾರ್ತಿಯರ ಕೆಲಸ ನಿರಾಕರಿಸಿದ ಹಾರ್ಲೆಮ್‌ನ ದೊಡ್ಡ ಮಳಿಗೆಯೊಂದರ ವಿರುದ್ಧ 1934ರಲ್ಲಿ ನಡೆದ ಬಹಿಷ್ಕಾರದ ಮುಂದಾಳುಗಳಲ್ಲಿ ಅವರೊಬ್ಬರು. ಕಪ್ಪು ಜನರ ಗುಂಪುಹತ್ಯೆಗಳನ್ನು ಖಂಡಿಸುವ ದಿನವನ್ನು ತಮ್ಮ ತಂಡದ ಪಂದ್ಯದಲ್ಲಿಯೇ ಆಚರಿಸಿದರು. 1946ರಲ್ಲಿ ಈಗಲ್ಸ್ ನೀಗ್ರೋ ವಿಶ್ವ ಸರಣಿಯನ್ನು ಗೆದ್ದಿತು.

1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಜಾಕಿ ರಾಬಿನ್ಸನ್ ಕಣಕ್ಕಿಳಿದರು. ಬಾಗಿಲು ತೆರೆಯಿತು. ಅದನ್ನು ತೆರೆಸಿದ ಡಾಡ್ಜರ್ಸ್ ಅಧ್ಯಕ್ಷ ಬ್ರಾಂಚ್ ರಿಕಿ ಅವರ ಧೈರ್ಯ ದೊಡ್ಡದು. ಆದರೆ ರಾಬಿನ್ಸನ್ ಆಡುತ್ತಿದ್ದ ಕಪ್ಪು ತಂಡಕ್ಕಾಗಲಿ, ಡಾನ್ ನ್ಯೂಕೂಂಬ್ ಅವರನ್ನು ಬಿಟ್ಟುಕೊಟ್ಟ ಈಗಲ್ಸ್‌ಗಾಗಲಿ ಅವರು ಬಿಡಿಗಾಸನ್ನೂ ಕೊಡಲಿಲ್ಲ. ಎಫಾ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಆಟಗಾರರ ಏಳಿಗೆಗೆ ಅವರು ಅಡ್ಡಬರಲಿಲ್ಲ. ಅವರನ್ನು ಬೆಳೆಸಿದವರ ಶ್ರಮಕ್ಕೆ ಬೆಲೆ ಕೇಳಿದರು, ಅಷ್ಟೇ. ಅದೇ ಜುಲೈನಲ್ಲಿ ಲ್ಯಾರಿ ಡೋಬಿ ಅವರಿಗಾಗಿ ಕ್ಲೀವ್‌ಲ್ಯಾಂಡ್ ತಂಡದ ಒಡೆಯ ಬಿಲ್ ವೀಕ್ 15,000 ಡಾಲರ್ ತೆತ್ತರು.

ಆದರೂ ನಷ್ಟ ತಪ್ಪಲಿಲ್ಲ. ಪ್ರೇಕ್ಷಕರು ತಮ್ಮ ವೀರರ ಬೆನ್ನುಹತ್ತಿ ಹೊಸ ಕ್ರೀಡಾಂಗಣಗಳಿಗೆ ನಡೆದರು. 1948ರ ಋತು ಮುಗಿದಾಗ ಮ್ಯಾನ್ಲಿ ದಂಪತಿಗಳು ತಂಡವನ್ನು ಮಾರಿದರು. 1981ರಲ್ಲಿ ಎಫಾ ತೀರಿಕೊಂಡರು. 2006ರಲ್ಲಿ ಬೇಸ್‌ಬಾಲ್‌ನ ‘ಹಾಲ್ ಆಫ್ ಫೇಮ್’ ಗೌರವ ಪಡೆದ ಮೊದಲ ಮಹಿಳೆಯಾದರು. ನೀಗ್ರೋ ಲೀಗ್‌ಗಳೂ ಪ್ರಮುಖ ಲೀಗ್‌ಗಳೇ ಆಗಿದ್ದವೆಂದು ಅಮೆರಿಕದ ಬೇಸ್‌ಬಾಲ್ ಆಡಳಿತ ಒಪ್ಪಿದ್ದು 2020ರಲ್ಲಿ.

ಓದುಗರೇ, ದೊಡ್ಡ ಒಳಿತು ಬರುವಾಗ ಸಣ್ಣವರ ಲೆಕ್ಕವನ್ನು ಎತ್ತುವುದು ಸಂಕುಚಿತತೆಯೆಂದು ನಮಗೆ ತೋರಬಹುದು. ಹಾಗೆ ತೋರಿದಾಗ ಎಫಾ ಅವರನ್ನು ನೆನೆಯೋಣ. ಬಾಗಿಲು ತೆರೆದವರನ್ನು ಕೊಂಡಾಡುವುದು ಸುಲಭ. ಅಲ್ಲಿಯವರೆಗೆ ಮನೆ ನಡೆಸಿದವರ ಋಣ ತೀರಿಸಿದಾಗಲೇ ನ್ಯಾಯ ಪೂರ್ಣವಾಗುವುದು.