ಚರೆಯ ಗಾತ್ರ, ಹಕ್ಕಿಯ ಹಣೆಬರಹ

ಬ್ರಿಟನ್ನಿನ ಬೇಟೆಗಾರರ ಪಂಚಾಂಗದಲ್ಲಿ ಆಗಸ್ಟ್ 12 ಹಬ್ಬದ ದಿನ. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಬೋಳುಗುಡ್ಡಗಳಲ್ಲಿ ಹೆದರ್ ಎಂಬ ಕುರುಚಲು ಗಿಡ ನೇರಳೆ ಹೂ ಬಿಟ್ಟು ನಿಂತಿರುವ ಕಾಲವದು. ಅಂದಿನಿಂದ ಗ್ರೌಸ್ ಹಕ್ಕಿಯ ಬೇಟೆ ಆರಂಭ. ಕೋಳಿಯ ಬಳಗಕ್ಕೆ ಸೇರಿದ, ನಮ್ಮ ಗೌಜಲು ಹಕ್ಕಿಯ ದೂರದ ಸಂಬಂಧಿಯಾದ ಇದರ ತೂಕ ಮುಕ್ಕಾಲು ಕಿಲೋಗೂ ಕಡಿಮೆ. ಇಂಗ್ಲೆಂಡಿನಲ್ಲಿ ಇದರ ಬೇಟೆಯ ಅವಧಿಯನ್ನು 1831ರ ಕಾಯ್ದೆ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ ಎಂದು ನಿಗದಿ ಮಾಡಿತು.

ಬೇಟೆಗೆ ಹೊರಡುವವನು ತೋಟಾ ಕೊಳ್ಳಲು ಅಂಗಡಿಗೆ ಹೋದರೆ ಅಲ್ಲಿ ಎದುರಾಗುವ ಪ್ರಶ್ನೆ ಒಂದೇ: ಆರನೆಯ ನಂಬರೋ, ಏಳನೆಯದೋ? ತೋಟಾದೊಳಗಿನ ಚರೆಯ ಗಾತ್ರವನ್ನು ಹೇಳುವ ಅಂಕಿ ಅದು. ನೋಡಲು ಕ್ಷುಲ್ಲಕ ಪ್ರಶ್ನೆ. ಆದರೆ ಹಕ್ಕಿ ತಕ್ಷಣ ಸಾಯುತ್ತದೆಯೇ, ಗಾಯಗೊಂಡು ಪೊದೆಯಲ್ಲಿ ನರಳುತ್ತದೆಯೇ ಎಂಬುದನ್ನು ಬಹುಮಟ್ಟಿಗೆ ಈ ಅಂಕಿಯೇ ತೀರ್ಮಾನಿಸುತ್ತದೆ. ಇನ್ನೂರು ವರ್ಷಗಳಿಂದ ಬೇಟೆಗಾರರು ಹಾಕಿಕೊಂಡು ಬಂದ ಆ ಲೆಕ್ಕ ಈಗ ಬುಡದಿಂದಲೇ ಬದಲಾಗುತ್ತಿದೆ.

ಗುಂಡಲ್ಲ, ಚರೆ

ಕೊಡಗು, ಮಲೆನಾಡಿನ ಹಿರಿಯರಿಗೆ ಕೋವಿ, ತೋಟಾ, ಚರೆ ಹೊಸ ಪದಗಳಲ್ಲ. ದೊಡ್ಡ ಪ್ರಾಣಿಗೆ ಗುಂಡು, ಹಾರುವ ಹಕ್ಕಿಗೆ ಚರೆ ಎಂಬ ಭೇದ ಅಲ್ಲಿಯೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ನಂತರದ ತಿದ್ದುಪಡಿಗಳಿಂದ ನಮ್ಮಲ್ಲಿ ಬೇಟೆ ಅಪರಾಧವಾಯಿತು. ಆದರೂ ‘ಹನ್ನೆರಡು ಬೋರಿನ ಕೋವಿ’ ಎಂಬ ಮಾತು ಉಳಿದಿದೆ. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡುಗಳನ್ನು ಮಾಡಿದರೆ, ಅಂಥ ಒಂದು ಗುಂಡು ಸರಿಯಾಗಿ ಹಿಡಿಸುವ ನಳಿಗೆ ಇರುವ ಕೋವಿಯೇ ಹನ್ನೆರಡು ಬೋರಿನದು. ನಳಿಗೆಯ ವ್ಯಾಸ ಸುಮಾರು 18.5 ಮಿ.ಮೀ.

ಈ ನಳಿಗೆಯಿಂದ ಒಂದೇ ಗುಂಡಿನ ಬದಲು ನೂರಾರು ಪುಟ್ಟ ಚರೆಗಳನ್ನು ಒಟ್ಟಿಗೆ ಹಾರಿಸಿದರೆ ಅವು ಬಲೆಯಂತೆ ಹರಡಿಕೊಳ್ಳುತ್ತವೆ. ಹಾರುವ ಹಕ್ಕಿಯನ್ನು ಬೀಳಿಸುವುದು ಈ ಬಲೆ. ಬಲೆಯ ಕಣ್ಣು ದೊಡ್ಡದಾದರೆ ಹಕ್ಕಿ ನಡುವೆ ನುಸುಳಿ ಹೋದೀತು. ಕಣ್ಣು ಚಿಕ್ಕದಾಗಿ ದಾರ ದುರ್ಬಲವಾದರೆ ಹರಿದುಕೊಂಡು ಹೋದೀತು. ಚರೆಯ ಗಾತ್ರದ ಆಯ್ಕೆಯ ಒಳಗುಟ್ಟೆಲ್ಲ ಇಷ್ಟೇ.

ಗೋಪುರದಿಂದ ಬಿದ್ದ ಹನಿಗಳು

ಮೊದಮೊದಲು ಚರೆಗೆ ಒಂದು ಖಚಿತ ಗಾತ್ರವೇ ಇರಲಿಲ್ಲ. ಸೀಸದ ತಗಡನ್ನು ಚೌಕ ಚೂರುಗಳಾಗಿ ಕತ್ತರಿಸಿ, ಉರುಳಿಸಿ ಮೂಲೆ ಸವೆಸುತ್ತಿದ್ದರು. ರಾಜಕುಮಾರ ರೂಪರ್ಟ್ ಬಳಸುತ್ತಿದ್ದ ಇನ್ನೊಂದು ವಿಧಾನವನ್ನು ವಿಜ್ಞಾನಿ ರಾಬರ್ಟ್ ಹುಕ್ 1665ರಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ವಿವರಿಸಿದ್ದಾನೆ. ಕರಗಿದ ಸೀಸಕ್ಕೆ ಶಂಖಪಾಷಾಣದ ಅಂಶವಿರುವ ಅದಿರನ್ನು ಬೆರೆಸಿ, ತೂತಿನ ಪಾತ್ರೆಯ ಮೂಲಕ ನೀರಿಗೆ ಬೀಳಿಸುವುದು ಆ ವಿಧಾನ. ಹೀಗೆ ಬಂದ ಚರೆ ಪೂರ್ತಿ ದುಂಡಗಿರದೆ ಒಂದು ಬದಿಯಲ್ಲಿ ತಗ್ಗು ಉಳಿಯುತ್ತಿತ್ತು. ಸೊಟ್ಟ ಚರೆ ಗಾಳಿಯಲ್ಲಿ ನೆಟ್ಟಗೆ ಹೋಗದು.

ಇದಕ್ಕೆ ಪರಿಹಾರ ಕಂಡವನು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್. ಸೀಸದ ಕೊಳಾಯಿ ಕೆಲಸ ಮಾಡುತ್ತಿದ್ದ ಈತನಿಗೆ ಕನಸಿನಲ್ಲಿ ಸೀಸದ ಮಳೆ ಸುರಿಯಿತು ಎಂಬ ಕಥೆ ಆ ಊರಿನಲ್ಲಿದೆ. ಕನಸು ನಿಜವೋ ಸುಳ್ಳೋ, ಅವನು ಮಾಡಿದ ಕೆಲಸವಂತೂ ನಿಜ. ರೆಡ್‌ಕ್ಲಿಫ್ ದಿಬ್ಬದಲ್ಲಿದ್ದ ತನ್ನ ಮನೆಯ ಮೇಲೆಯೇ ಗೋಪುರ ಎಬ್ಬಿಸಿ, ಕೆಳಗೆ ಬಾವಿಯಂತೆ ಅಗೆದು, ಮೇಲಿನಿಂದ ಕರಗಿದ ಸೀಸವನ್ನು ಜರಡಿಯ ಮೂಲಕ ಸುರಿದ. ಮಳೆಹನಿ ದುಂಡಗಾಗುವ ಹಾಗೆ ಸೀಸದ ಹನಿಯೂ ಬೀಳುತ್ತ ಬೀಳುತ್ತ ದುಂಡಗಾಗಿ, ಗಾಳಿಯಲ್ಲೇ ಗಟ್ಟಿಯಾಗತೊಡಗಿ ತಳದ ನೀರಿನಲ್ಲಿ ತಣಿಯುತ್ತಿತ್ತು. 1782ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು.

ಇಂಥ ಗೋಪುರಗಳು ಮುಂದೆ ಹಲವು ದೇಶಗಳಲ್ಲಿ ಎದ್ದವು. ಇಂಗ್ಲೆಂಡಿನ ಚೆಸ್ಟರ್‌ನಲ್ಲಿ 1799ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ 1828ರಲ್ಲಿ ಕಟ್ಟಿದವು ಇಂದಿಗೂ ನಿಂತಿವೆ. ಬಾಲ್ಟಿಮೋರ್‌ನದು 234 ಅಡಿ ಎತ್ತರ. ವಾಟ್ಸ್‌ನ ಮೂಲ ಗೋಪುರ ಮಾತ್ರ 1968ರಲ್ಲಿ ರಸ್ತೆ ಅಗಲ ಮಾಡುವಾಗ ನೆಲಸಮವಾಯಿತು.

ಗೋಪುರದಿಂದ ಬಂದ ಚರೆಗಳನ್ನು ಇಳಿಜಾರು ಹಲಗೆಯ ಮೇಲೆ ಉರುಳಿಸಿ ಸೊಟ್ಟವನ್ನು ಬೇರೆ ಮಾಡುತ್ತಿದ್ದರು. ದುಂಡಾದವನ್ನು ಜರಡಿಗಳಲ್ಲಿ ಸೋಸಿ ಗಾತ್ರವಾರು ವಿಂಗಡಿಸಿ ನಂಬರು ಕೊಡುತ್ತಿದ್ದರು. ನಂಬರು ಹೆಚ್ಚಿದಷ್ಟೂ ಚರೆ ಸಣ್ಣದು.

ಎಣಿಕೆಯೋ, ತೂಕವೋ?

ಬ್ರಿಟಿಷ್ ಲೆಕ್ಕದಲ್ಲಿ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಸೀಸದಲ್ಲಿ 4ನೇ ನಂಬರಿನ 170 ಚರೆಗಳಿರುತ್ತವೆ. 6ನೇ ನಂಬರಾದರೆ 270, 7ನೆಯದಾದರೆ 340, 8ನೆಯದಾದರೆ 450. ಆರನೆಯ ನಂಬರಿನ ಒಂದು ಚರೆಯ ವ್ಯಾಸ 2.6 ಮಿ.ಮೀ., ತೂಕ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು.

ಕೋವಿಯ ಗುಣ ನೋಡಲು 40 ಗಜ ದೂರದಲ್ಲಿ 30 ಅಂಗುಲ ವ್ಯಾಸದ ವೃತ್ತ ಬರೆದು, ಎಷ್ಟು ಚರೆ ಅದರೊಳಗೆ ಬಿದ್ದವು ಎಂದು ಎಣಿಸುವ ಪದ್ಧತಿ 19ನೇ ಶತಮಾನದಿಂದಲೂ ಇದೆ. ನಳಿಗೆಯ ತುದಿ ತುಸು ಬಿಗಿಯಾಗಿದ್ದರೆ ಸುಮಾರು ಅರ್ಧದಷ್ಟು ಒಳಗೆ ಬೀಳುತ್ತವೆ. ಅಂದರೆ 6ನೇ ನಂಬರಿನಲ್ಲಿ 135, 4ರಲ್ಲಿ ಬರೀ 85. ಗ್ರೌಸ್‌ನಂಥ ಪುಟ್ಟ ಹಕ್ಕಿಗೆ 85 ಚರೆಗಳ ಬಲೆ ತೀರ ಜಾಳು.

ಹಾಗಾದರೆ 8ನೆಯದನ್ನೇ ಬಳಸಬಾರದೇಕೆ? ವೃತ್ತದಲ್ಲಿ 225 ಚರೆ ಸಿಗುತ್ತವಲ್ಲ! ತೊಡಕಿರುವುದು ಇಲ್ಲಿಯೇ. ಚರೆಯ ವ್ಯಾಸ ಇಮ್ಮಡಿಯಾದರೆ ಗಾಳಿಗೆ ಒಡ್ಡುವ ಮೈ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ಆದ್ದರಿಂದ ದೊಡ್ಡ ಚರೆ ಗಾಳಿಯನ್ನು ಸೀಳಿ ಮುನ್ನುಗ್ಗುತ್ತದೆ, ಸಣ್ಣದು ಬೇಗ ಸೋಲುತ್ತದೆ. ದೂರದ ಹಕ್ಕಿಯ ರೆಕ್ಕೆಪುಕ್ಕ ದಾಟಿ ಒಳಗಿಳಿಯುವ ಕಸುವು ಅದಕ್ಕೆ ಉಳಿಯದು. ಹಕ್ಕಿ ಬೀಳುವುದಿಲ್ಲ, ಆದರೆ ಗಾಯ ಹೊತ್ತು ಹಾರಿಹೋಗುತ್ತದೆ. ಬಲೆಯ ಒತ್ತು, ಚರೆಯ ಕಸುವು ಎರಡೂ ಸಾಲುವ ನಡುದಾರಿಯಾಗಿ ಬ್ರಿಟನ್ನಿನಲ್ಲಿ 6 ಮತ್ತು 7 ನೆಲೆಗೊಂಡವು.

ಅಮೆರಿಕದ ರೂಢಿ ಬೇರೆ. ಅಲ್ಲಿನ ರಫ್ಡ್ ಗ್ರೌಸ್ ಬಯಲಿನ ಹಕ್ಕಿಯಲ್ಲ, ಕಾಡಿನದು. ಮರಗಳ ನಡುವೆ ಹತ್ತಿರದಿಂದಲೇ ಪಟ್ಟನೆ ಎದ್ದು ಮರೆಯಾಗುತ್ತದೆ. ದೂರ ಕಡಿಮೆ, ಗುರಿ ಹಿಡಿಯಲು ಸಮಯವೂ ಕಡಿಮೆ. ಹೀಗಾಗಿ ಅಲ್ಲಿ ಒತ್ತಾದ ಬಲೆ ಕೊಡುವ ಏಳೂವರೆ ಅಥವಾ 8ನೇ ನಂಬರಿಗೆ ಬೇಡಿಕೆ. ನಂಬರುಗಳೂ ದೇಶಕ್ಕೊಂದು ತೆರ. ಅಮೆರಿಕದ 6ನೇ ನಂಬರು ಬ್ರಿಟನ್ನಿನ 5ಕ್ಕೆ ಸಮ. ಅಮೆರಿಕದ ಚರೆಯ ವ್ಯಾಸ ತಿಳಿಯಲು 17ರಿಂದ ನಂಬರನ್ನು ಕಳೆದರೆ ಸಾಕು: 6 ಕಳೆದರೆ 11, ಅಂದರೆ ಅಂಗುಲದ ನೂರರಲ್ಲಿ 11 ಭಾಗ.

ಮೋಜು ಹೆಚ್ಚಿದ ಕಾಲ

ಮುಂಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯಲ್ಲಿ ಬೇಟೆಗಾರನೇ ಮದ್ದು, ಚರೆ ಅಳೆದು ಜಡಿಯಬೇಕಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಷೋ ಮಾದರಿಯ, ನಳಿಗೆಯ ಬುಡದಲ್ಲಿ ತೋಟಾ ಇಡುವ ಕೋವಿಯನ್ನು ಬ್ರಿಟಿಷರು ಕಂಡರು. ರೈಲು ಸ್ಕಾಟ್ಲೆಂಡಿನ ಗುಡ್ಡಗಳನ್ನು ಹತ್ತಿರ ತಂದಿತು. ನಾಯಿಯೊಡನೆ ನಡೆದು ಹಕ್ಕಿ ಅರಸುತ್ತಿದ್ದ ಬೇಟೆಯ ಜಾಗಕ್ಕೆ ಹೊಸ ಪದ್ಧತಿ ಬಂತು. ಆಳುಗಳು ಸಾಲಾಗಿ ಬಂದು ಹಕ್ಕಿಗಳನ್ನು ಎಬ್ಬಿಸಿ ಅಟ್ಟುವುದು, ಮರೆಯಲ್ಲಿ ನಿಂತ ಶ್ರೀಮಂತರು ಈಡು ಹೊಡೆಯುವುದು.

1915ರ ಆಗಸ್ಟ್ 12ರಂದು ಲ್ಯಾಂಕಶೈರ್‌ನ ಅಬೀಸ್ಟೆಡ್ ಸೀಮೆಯಲ್ಲಿ ಎಂಟು ಜನ ಒಂದೇ ದಿನ 2,929 ಗ್ರೌಸ್‌ಗಳನ್ನು ಕೊಂದರು. ಅಷ್ಟು ಹಕ್ಕಿ ಬಿದ್ದ ಕಡೆ ಎಷ್ಟು ಚರೆ ಸುರಿದಿರಬೇಕು! ಒಂದೊಂದು ಈಡಿಗೂ ಇನ್ನೂರು ಮುನ್ನೂರು ಚರೆ. ಹಕ್ಕಿಗೆ ತಾಗುವುದು ಕೆಲವೇ. ಮಿಕ್ಕವೆಲ್ಲ ನೆಲಕ್ಕೆ.

ನೆಲಕ್ಕೆ ಬಿದ್ದ ವಿಷ

ಆ ಮಿಕ್ಕ ಚರೆಯ ಕಥೆ ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಹಕ್ಕಿಗಳಿಗೆ ಹಲ್ಲಿಲ್ಲ. ಕಾಳು ಅರೆಯಲು ಅವು ಸಣ್ಣ ಕಲ್ಲಿನ ಹರಳುಗಳನ್ನು ನುಂಗುತ್ತವೆ. ನೆಲದ ಮೇಲಿನ, ಕೆರೆಯ ತಳದ ಚರೆಯೂ ಅವಕ್ಕೆ ಹರಳಿನಂತೆಯೇ ಕಾಣುತ್ತದೆ. ಹೊಟ್ಟೆಯಲ್ಲಿ ಅದು ಸವೆದು ಸೀಸ ರಕ್ತಕ್ಕೆ ಸೇರುತ್ತದೆ. ಈಡು ತಪ್ಪಿಸಿಕೊಂಡ ಹಕ್ಕಿ ವರ್ಷಗಳ ನಂತರ ಅದೇ ಚರೆಯಿಂದ ಸಾಯಬಹುದು.

ಅಮೆರಿಕದ ಫ್ರಾಂಕ್ ಬೆಲ್‌ರೋಸ್ 1959ರಲ್ಲಿ ಪ್ರಕಟಿಸಿದ ಅಧ್ಯಯನ, ಉತ್ತರ ಅಮೆರಿಕದ ಬಾತುಗಳಂಥ ನೀರುಹಕ್ಕಿಗಳಲ್ಲಿ ಪ್ರತಿವರ್ಷ ಶೇ. 2ರಿಂದ 3ರಷ್ಟು ಸೀಸದ ವಿಷಕ್ಕೆ ಬಲಿಯಾಗುತ್ತಿವೆ ಎಂದು ಅಂದಾಜು ಮಾಡಿತು. ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ಅಮೆರಿಕ 1991ರಲ್ಲಿ ದೇಶಾದ್ಯಂತ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಎಲ್ಲ ಬೇಟೆಗೂ ನಿಷೇಧ ತಂದಿತು. ಇಂಗ್ಲೆಂಡಿನಲ್ಲಿ ಬಾತು ಮೊದಲಾದ ನೀರುಹಕ್ಕಿಗಳ ಬೇಟೆಗೆ 1999ರಲ್ಲಿ ನಿಷೇಧ ಬಂತಾದರೂ ಗ್ರೌಸ್ ಗುಡ್ಡಗಳಲ್ಲಿ ಸೀಸವೇ ಉಳಿಯಿತು. ತಿನ್ನುವವರಿಗೂ ಅಪಾಯ ತಪ್ಪಲಿಲ್ಲ. ಸೀಸದ ಚರೆಯಿಂದ ಕೊಂದ ಹಕ್ಕಿಯ ಮಾಂಸವನ್ನು ಮಕ್ಕಳು, ಗರ್ಭಿಣಿಯರು ಆದಷ್ಟು ಕಡಿಮೆ ತಿನ್ನಬೇಕೆಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2012ರಲ್ಲಿ ಸಲಹೆ ನೀಡಿತು.

ಐದು ವರ್ಷಗಳಲ್ಲಿ ತಾವಾಗಿಯೇ ಸೀಸ ಬಿಡುವುದಾಗಿ ಬ್ರಿಟನ್ನಿನ ಒಂಬತ್ತು ಬೇಟೆ ಹಾಗೂ ಗ್ರಾಮೀಣ ಸಂಘಟನೆಗಳು 2020ರಲ್ಲಿ ಘೋಷಿಸಿದವು. ಆದರೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಮಾರಾಟಕ್ಕೆ ಬಂದ ಫೆಸೆಂಟ್ ಹಕ್ಕಿಗಳನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹಕ್ಕಿಗಳಲ್ಲಿ ಸಿಕ್ಕಿದ್ದು ಸೀಸದ ಚರೆಯೇ. ಕೊನೆಗೆ ಸರ್ಕಾರ, ಮೂರು ವರ್ಷಗಳ ಗಡುವು ಕೊಟ್ಟು ಸೀಸದ ಚರೆಯನ್ನು ನಿಷೇಧಿಸುವುದಾಗಿ 2025ರ ಜುಲೈನಲ್ಲಿ ಪ್ರಕಟಿಸಿತು.

ಹೊಸ ಲೆಕ್ಕ

ಸೀಸ ಹೋದರೆ ಹಳೆಯ ಅಂಕಿಗಳೂ ಹೋದಂತೆಯೇ. ಸೀಸ ನೀರಿಗಿಂತ 11 ಪಟ್ಟು ಭಾರ, ಉಕ್ಕು ಎಂಟು ಪಟ್ಟೂ ಇಲ್ಲ. ಅದೇ 6ನೇ ನಂಬರಿನ ಉಕ್ಕಿನ ಚರೆ ಸುಮಾರು ಮೂರನೇ ಒಂದು ಭಾಗ ಹಗುರ. ದೂರದ ಹಕ್ಕಿಗೆ ಅದು ಸಾಲದು. ಆದ್ದರಿಂದ ಉಕ್ಕಿಗೆ ಹೋಗುವವರು ಎರಡು ನಂಬರಿನಷ್ಟು ದೊಡ್ಡ ಚರೆ ಹಿಡಿಯಬೇಕು, 6ರ ಜಾಗಕ್ಕೆ 4 ಬರಬೇಕು ಎಂಬುದು ಈಗಿನ ಸೂತ್ರ. ಉಕ್ಕು ಹಗುರವಾದ್ದರಿಂದ ಒಂದು ಔನ್ಸ್‌ಗೆ 4ನೇ ನಂಬರಿನವು ಸುಮಾರು 240 ಸಿಗುತ್ತವೆ. ಹೀಗಾಗಿ ಬಲೆ ಹೆಚ್ಚು ಜಾಳಾಗುವುದಿಲ್ಲ. ಆದರೆ ಅವು ತೋಟಾದಲ್ಲಿ ಜಾಗ ಹೆಚ್ಚು ತಿನ್ನುತ್ತವೆ. ಮೆತ್ತಗಿನ ಸೀಸಕ್ಕೆಂದು ಮಾಡಿದ ಹಳೆಯ ನಳಿಗೆಗಳಿಗೆ ಗಟ್ಟಿ ಉಕ್ಕು ಒಗ್ಗದಿರಬಹುದು. ತಾತನ ಕಾಲದ ಕೋವಿ ಇರುವವರು ಬಿಸ್ಮತ್‌ನಂಥ ದುಬಾರಿ ಲೋಹದತ್ತ ನೋಡಬೇಕಾಗಿದೆ.

ನಂಬರು ಬದಲಿಸದೆ ಬರೀ ಲೋಹ ಬದಲಿಸುವವನು ನೆಲವನ್ನು ವಿಷದಿಂದ ಉಳಿಸಿ ಹಕ್ಕಿಯನ್ನು ಗಾಯಕ್ಕೆ ದೂಡಿಯಾನು. ಹಳೆಯ ರೂಢಿಗೆ ಜೋತುಬಿದ್ದವನು ಇಂದಿನ ಹಕ್ಕಿಯನ್ನು ಬೇಗ ಕೊಂದು, ನಾಳಿನ ಹಕ್ಕಿಗೆ ವಿಷ ಬಿತ್ತಿಯಾನು. ಅಂಗಡಿಯಲ್ಲಿ ಇನ್ನು ಮುಂದೆ ‘ಎಷ್ಟನೇ ನಂಬರು?’ ಎಂದು ಕೇಳಿದರೆ ಸಾಲದು, ‘ಯಾವ ಲೋಹದ್ದು?’ ಎಂದೂ ಕೇಳಬೇಕು.